ಹ್ಯಾಡ್ ಹಾಕ್ಬೇಕಾ ಬೇಡ್ವಾ? ಪಾಸ್ಟ್ ಪರ್ಫೆಕ್ಟ್ ಕನ್ಫ್ಯೂಷನ್

ಪ್ರಶ್ನೆ:
ಎಲ್ರಿಗೂ ನಮಸ್ಕಾರ. ಆಫೀಸ್ ಮೇಲಲ್ಲಿ "ಐ ಹ್ಯಾಡ್ ಸೆಂಟ್ ದ ಫೈಲ್ ಎಸ್ಟರ್‌ಡೇ" ಅಂತ ಬರೆದ್ರೆ ನಮ್ ಟೀಮ್ ಲೀಡ್ ಪ್ರತೀ ಸಲ ಹ್ಯಾಡ್ ತೆಗೆದು ಬರೀ ಸೆಂಟ್ ಅಂತ ಮಾಡ್ತಾರೆ, ಯಾಕೆ ಅಂತ ಹೇಳಲ್ಲ. ನಿನ್ನೆನೇ ಪೂರ್ತಿ ಮುಗಿದಿರೋ ಕೆಲಸ ತಾನೆ, ಹ್ಯಾಡೇ ಸರಿ ಅಲ್ವಾ?

ಉತ್ತರ:
ಸೆಂಟ್ ಅಂದ್ರೂ ಮುಗಿದಿದ್ದೇ ಅಲ್ವಾ, ಹಾಗಾಗಿ ಮುಗೀತಾ ಇಲ್ವಾ ಅನ್ನೋದು ಇಲ್ಲಿ ಲೆಕ್ಕಕ್ಕೇ ಬರಲ್ಲ. ಹಿಂದೆ ನಡೆದ ಇನ್ನೊಂದು ವಿಷಯ ಇರ್ಬೇಕು, ಅದಕ್ಕೂ ಮುಂಚೆನೇ ಇದು ಆಗಿತ್ತು ಅಂತ ಹೇಳೋಕೆ ಹ್ಯಾಡ್, ಇದನ್ನೇ ಪಾಸ್ಟ್ ಪರ್ಫೆಕ್ಟ್ ಅನ್ನೋದು. "ಬೈ ದ ಟೈಮ್ ಯು ಕಾಲ್ಡ್, ಐ ಹ್ಯಾಡ್ ಸೆಂಟ್ ದ ಫೈಲ್" ಅನ್ನಿ, ಸರಿ ಇದೆ. ಒಂಟಿಯಾಗಿ ಬರೆದ್ರೆ ಓದೋರು ಕಳಿಸಿದ್ಮೇಲೆ ಇನ್ನೇನೋ ಆಯ್ತು ಅಂದ್ಕೊಂಡು ಮುಂದಿನ ಮಾತಿಗೆ ಕಾಯ್ತಾರೆ.

ನಮಗೆ ಇದು ಬರೋದು ಕನ್ನಡದಿಂದ. "ನಿನ್ನೆ ಮೈಸೂರಿಗೆ ಹೋಗಿದ್ದೆ" ಅಂದ್ರೆ ಹೋಗಿ ವಾಪಸ್ ಬಂದಿದೀನಿ ಅಂತ ಅದರಲ್ಲೇ ಬಂತು, ಇನ್ನೊಂದು ಘಟನೆ ಬೇಕೇ ಆಗಲ್ಲ, ಆ ಇದ್ದೆ ಕಿವಿಗೆ ಬಿದ್ದ ತಕ್ಷಣ ಕೈ ಹ್ಯಾಡ್ ಟೈಪ್ ಮಾಡುತ್ತೆ. ಇಂಗ್ಲಿಷಲ್ಲಿ ಅದಕ್ಕೆ "ಐ ವೆಂಟ್ ಟು ಮೈಸೂರು ಎಸ್ಟರ್‌ಡೇ", ಅಷ್ಟೇ.

ಪ್ರಶ್ನೆ:
ಹಾಗಾದ್ರೆ ಸ್ಕೂಲಲ್ಲಿ ಹೇಳ್ಕೊಟ್ಟ "ದ ಪೇಶೆಂಟ್ ಹ್ಯಾಡ್ ಡೈಡ್ ಬಿಫೋರ್ ದ ಡಾಕ್ಟರ್ ಕೇಮ್" ಅನ್ನೋ ಉದಾಹರಣೆ? ಎರಡು ಕ್ರಿಯೆ ಇದ್ರೆ ಮೊದಲನೇದಕ್ಕೆ ಹ್ಯಾಡ್ ಕಂಪಲ್ಸರಿ ಅಂತಿದ್ರು.

ಉತ್ತರ:
ಕಂಪಲ್ಸರಿ ಏನಲ್ಲ, ಆ ರೂಲನ್ನ ಅರ್ಧ ಮಾತ್ರ ಹೇಳ್ಕೊಡ್ತಾರೆ ಅನ್ನೋದೇ ನನಗೆ ಬೇಜಾರು. "ದ ಪೇಶೆಂಟ್ ಡೈಡ್ ಬಿಫೋರ್ ದ ಡಾಕ್ಟರ್ ಕೇಮ್" ಪೂರ್ತಿ ಸರಿ ಇದೆ, ಯಾವುದು ಮೊದಲು ಅಂತ ಬಿಫೋರೇ ಹೇಳ್ಬಿಡ್ತು. ಆಫ್ಟರ್ ಇದ್ರೂ ಅದೇ ಕಥೆ. ವೆನ್ ಬಂದಾಗ ಮಾತ್ರ ಹುಷಾರು: "ವೆನ್ ಐ ರೀಚ್ಡ್ ದ ಸ್ಟೇಷನ್, ದ ಟ್ರೈನ್ ಲೆಫ್ಟ್" ಅಂದ್ರೆ ನೀವು ಹೋದ್ರಿ ಟ್ರೈನ್ ಹೊರಡ್ತು, ಹ್ಯಾಡ್ ಲೆಫ್ಟ್ ಅಂದ್ರೆ ನೀವು ಹೋಗೋಷ್ಟರಲ್ಲಿ ಟ್ರೈನೇ ಇಲ್ಲ. ಎದ್ದೆ, ಸ್ನಾನ ಮಾಡ್ದೆ, ಬಸ್ ಹತ್ತಿದೆ ಅಂತ ನಡೆದ ಕ್ರಮದಲ್ಲೇ ಹೇಳ್ತಾ ಹೋದ್ರೆ ಎಲ್ಲಾ ಸಿಂಪಲ್ ಪಾಸ್ಟೇ (ಹ್ಯಾಡ್ ಇಲ್ದೆ ಬರೀ ಸೆಂಟ್, ವೆಂಟ್ ಥರ), ಹತ್ತು ಕ್ರಿಯೆ ಇದ್ರೂನೂ.

ಪ್ರಶ್ನೆ:
"ವಿ ಹ್ಯಾಡ್ ಡಿಸ್ಕಸ್ಡ್ ದಿಸ್ ಲಾಸ್ಟ್ ವೀಕ್", ಇಲ್ಲೂ ಹ್ಯಾಡ್ ತೆಗೀಲಾ?

ಉತ್ತರ:
ತೆಗೀರಿ, ಡಿಸ್ಕಸ್ಡ್ ಸಾಕು. ಆದ್ರೆ ಈ ಜೋಶಲ್ಲಿ "ಇಫ್ ಐ ಹ್ಯಾಡ್ ನೋನ್, ಐ ವುಡ್ ಹ್ಯಾವ್ ಕಮ್" ಅನ್ನೋದಕ್ಕೆ ಮಾತ್ರ ಕೈ ಹಾಕ್ಬೇಡಿ, ಅದು ನಡೀದೇ ಇದ್ದಿದ್ದರ ಬಗ್ಗೆ, ಅಲ್ಲಿ ಹ್ಯಾಡ್ ಇರಲೇಬೇಕು.