ಪಿಟಿಟಿ ಒತ್ತಿದರೆ ಇಂಟರ್‌ಕಾಮ್‌ನಲ್ಲಿ ಕೀರಲು ಸದ್ದು: ಎಲ್ಲಿಂದ ಹುಡುಕುವುದು?

ಜುಹು_ಹ್ಯಾಂಗರ್
14 ವೋಲ್ಟಿನ ಹಳೆಯ ಸಣ್ಣ ವಿಮಾನ, ಸೆಸ್ನಾ 172. ಪ್ಯಾನೆಲ್ ಇಂಟರ್‌ಕಾಮ್ (ಹೆಡ್‌ಸೆಟ್‌ಗಳನ್ನು ರೇಡಿಯೊಗೆ ಜೋಡಿಸುವ ಪೆಟ್ಟಿಗೆ) ಬದಲಾಯಿಸಿದ ಮೇಲೆ ಎರಡು ತೊಂದರೆ. ಬಲಗಡೆ ಸೀಟಿನಿಂದ ಪಿಟಿಟಿ (ರೇಡಿಯೊದಲ್ಲಿ ಮಾತಾಡಲು ಒತ್ತುವ ಗುಂಡಿ) ಒತ್ತಿದರೆ ಕಿವಿ ಸೀಳುವಂಥ ಕೀರಲು. 120 ಮೆಗಾಹರ್ಟ್ಸ್ ಹತ್ತಿರ ಕಡಿಮೆ, 126 ದಾಟಿದರೆ ಜೋರು. ಎಡಗಡೆ ಸರಿ ಇದೆ. ಇನ್ನೊಂದು, ಎಂಜಿನ್ ಆರ್‌ಪಿಎಂ ಜತೆ ಏರಿಳಿಯುವ ಸಣ್ಣ ಸಿಳ್ಳು, ಅದು ಎರಡೂ ಕಡೆ ಕೇಳುತ್ತದೆ. ಹೆಡ್‌ಸೆಟ್‌ಗಳನ್ನು ಅದಲುಬದಲು ಮಾಡಿದರೂ ಕೀರಲು ಬಲಸೀಟನ್ನು ಬಿಡುವುದಿಲ್ಲ. ಮೈಕ್ ವಯರಿಗೆ ಫೆರೈಟ್ (ರೇಡಿಯೊ ಅಲೆ ತಡೆಯುವ ಉಂಗುರ) ಹಾಕಿಬಿಡಲೇ?

ತಂತಿ_ಮೀಟರ್
ಫೆರೈಟ್ ಈಗಲೇ ಬೇಡ ಮಾರಾಯ್ರೆ. ಅದು ಕಾಯಿಲೆ ಮುಚ್ಚುತ್ತದೆ, ವಾಸಿ ಮಾಡುವುದಿಲ್ಲ. ನೀವು ಹೇಳಿದ್ದು ಎರಡು ಬೇರೆ ಬೇರೆ ತೊಂದರೆ, ಒಟ್ಟಿಗೆ ಹುಡುಕಲು ಹೋದರೆ ಎರಡೂ ಸಿಗುವುದಿಲ್ಲ.

ಕೀರಲು ಹುಟ್ಟುವುದು ಹೀಗೆ: ರೇಡಿಯೊ ಕಳಿಸುವ ಎಎಂ ಅಲೆಯನ್ನು ಮೈಕ್ ವಯರು ಹಿಡಿಯುತ್ತದೆ, ಇಂಟರ್‌ಕಾಮ್‌ನ ಮೊದಲ ಟ್ರಾನ್ಸಿಸ್ಟರ್ ಅದನ್ನು ಮತ್ತೆ ಧ್ವನಿಯಾಗಿ ಮಾಡುತ್ತದೆ, ಆ ಧ್ವನಿ ತಿರುಗಿ ರೇಡಿಯೊಗೇ ಹೋಗುತ್ತದೆ. ಸುತ್ತು ಮುಗಿಯುವುದೇ ಇಲ್ಲ. 125 ಮೆಗಾಹರ್ಟ್ಸ್‌ನಲ್ಲಿ ಕಾಲು ಅಲೆಯುದ್ದ 60 ಸೆಂ.ಮೀ. ಪ್ಯಾನೆಲ್‌ನಿಂದ ಬಲಗಡೆ ಜಾಕಿಗೆ ಹೋಗುವ ವಯರು ಅಷ್ಟೇ ಉದ್ದವಿದ್ದರೆ ಅದೇ ಒಂದು ಆಂಟೆನಾ. ಕೆಲವು ಫ್ರೀಕ್ವೆನ್ಸಿಯಲ್ಲಿ ಮಾತ್ರ ಜೋರಾಗುವುದಕ್ಕೆ ಇದೇ ಕಾರಣ ಇರಬಹುದು.

50 ಓಮ್‌ನ, 20 ವ್ಯಾಟ್ ತಡೆಯುವ ಡಮ್ಮಿ ಲೋಡ್ (ಆಂಟೆನಾ ಬದಲಿಗೆ ಹಾಕುವ, ಅಲೆ ಹೊರಬಿಡದ ರೆಸಿಸ್ಟರ್) ತೆಗೆದುಕೊಳ್ಳಿ. ಮೊದಲು ಆಂಟೆನಾ ತುದಿಯಲ್ಲಿ ಕೋಯಾಕ್ಸ್ (ರೇಡಿಯೊದಿಂದ ಆಂಟೆನಾಗೆ ಹೋಗುವ ಕೇಬಲ್) ಬಿಚ್ಚಿ ಅಲ್ಲಿಗೆ ಹಾಕಿ ಪಿಟಿಟಿ ಒತ್ತಿ. ಕೀರಲು ನಿಂತರೆ ಮೊದಲು ಆಂಟೆನಾ, ಅದರ ಬುಡದ ಬಾಂಡಿಂಗ್ (ವಿಮಾನದ ಲೋಹದ ಜತೆ ವಿದ್ಯುತ್ ಸಂಪರ್ಕ) ನೋಡಿ. ನಿಲ್ಲದಿದ್ದರೆ ಲೋಡನ್ನು ರೇಡಿಯೊ ಹಿಂದೆಯೇ ಹಾಕಿ ನೋಡಿ. ಆಗ ನಿಂತರೆ ಕೋಯಾಕ್ಸ್ ಸೋರುತ್ತಿದೆ: ಬಿಎನ್‌ಸಿ ಕನೆಕ್ಟರ್ ಒತ್ತಿ ಕೂರಿಸಿದ ಕಡೆ ಕೇಬಲ್ಲಿನ ಲೋಹದ ಜಾಳಿಗೆ ಕಡಿದಿರಬಹುದು. ಹಳೆಯ ಆರ್‌ಜಿ-58 ಕೇಬಲ್ ಇದ್ದರೆ ಎರಡು ಪದರ ಜಾಳಿಗೆಯ ಆರ್‌ಜಿ-400ಕ್ಕೆ ಬದಲಿಸುವುದು ಒಳ್ಳೆಯದು. ಆಗಲೂ ನಿಲ್ಲದಿದ್ದರೆ ಅದು ಬಹುಶಃ ಅಲೆಯ ತೊಂದರೆ ಅಲ್ಲ, ವಯರಿಂಗ್ ನೋಡಬೇಕು.

ಆಂಟೆನಾ ಬಿಚ್ಚಿಟ್ಟು ಲೋಡ್ ಇಲ್ಲದೆ ಪಿಟಿಟಿ ಮುಟ್ಟಬೇಡಿ, ಔಟ್‌ಪುಟ್ ಹಂತ ಸುಡಬಹುದು. ಆಂಟೆನಾ ಇಟ್ಟು ಪರೀಕ್ಷಿಸುವಾಗ ಟವರ್ ಒಪ್ಪಿಗೆ ಬೇಕು. ತುರ್ತು ಕರೆಯ 121.5 ಮೆಗಾಹರ್ಟ್ಸ್‌ನಲ್ಲಂತೂ ಕೂಡದು.

ಹಡಪ್ಸರ್_ಬಿ2
ಸಿಳ್ಳಿನ ಬಗ್ಗೆ ನಾ ಹೇಳ್ತೀನ್ರಿ. ಚಕ್ರಕ್ಕ ಅಡ್ಡಗಟ್ಟೆ ಇಟ್ಟು, ಸೀಟಿನಾಗ ಒಬ್ರು ಕೂತು, 1500 ಆರ್‌ಪಿಎಂಗೆ ತಂದು ಆಲ್ಟರ್ನೇಟರ್ ಸ್ವಿಚ್ ಆಫ್ ಮಾಡ್ರಿ. ಸಿಳ್ಳು ನಿಂತ್ರ ಮೂಲ ಆಲ್ಟರ್ನೇಟರ್. ನಿಲ್ಲದಿದ್ರ ಮ್ಯಾಗ್ನೆಟೊ (ಎಂಜಿನ್ನಿಗೆ ಕಿಡಿ ಕೊಡೋದು) ಕಡೆ ಹೋಗ್ರಿ.

ಆಮೇಲೆ ಇಂಟರ್‌ಕಾಮ್‌ನ ಪ್ಲಸ್, ಮೈನಸ್ ಎರಡೂ ಬಿಚ್ಚಿ ಬೇರೆ 12 ವೋಲ್ಟ್ ಬ್ಯಾಟರಿಗೆ ಕೊಡ್ರಿ. ಸಿಳ್ಳು ಹೋದ್ರ ಪವರ್ ಲೈನಿನಿಂದ ಬರ್ತದ. ಹೋಗದಿದ್ರ ಗ್ರೌಂಡ್ ಲೂಪ್, ಅಂದ್ರ ಮೈನಸ್ ಎರಡು ಕಡೆ ಲೋಹಕ್ಕ ತಾಗಿ ಆದ ಸುತ್ತು. ಬಹಳ ಸಲ ಈ ಎರಡನೇದೇ ಅಂತ ಹಿಡಿದು ಜಾಕ್ ಬಿಚ್ಚಿ ನೋಡ್ರಿ.

ಮೈಕ್ ಜಾಕ್ ಆಗಲಿ ಫೋನ್ ಜಾಕ್ ಆಗಲಿ ವಿಮಾನದ ಲೋಹಕ್ಕ ತಾಗಬಾರದು. ನಡುವೆ ಫೈಬರ್ ವಾಷರ್ ಇರಬೇಕು: ಒಂದು ಚಪ್ಪಟೆ, ಒಂದು ಭುಜ ಇರೋದು. ನಟ್ ಬಿಗಿ ಮಾಡುವಾಗ ಭುಜ ಒಡದು ಹೋಗ್ತದ, ಕಣ್ಣಿಗೆ ಕಾಣಂಗಿಲ್ಲ. ಹಾರ್ನೆಸ್ (ವಯರಿನ ಕಟ್ಟು) ಕನೆಕ್ಟರ್ ಬಿಚ್ಚಿ ಜಾಕಿನ ಹೊರತೋಳಿನಿಂದ ವಿಮಾನದ ಮೈಯಿಗೆ ಮೀಟರ್ ಹಿಡೀರಿ, ಪೂರ್ತಿ ಓಪನ್ ತೋರಿಸಬೇಕು. ಹಂಗೇ ವಯರಿನ ಶೀಲ್ಡ್ (ಹೊರಗಿನ ಲೋಹದ ಜಾಳಿಗೆ) ಗ್ರೌಂಡ್ ಇಂಟರ್‌ಕಾಮ್ ತುದಿಯಾಗ ಮಾತ್ರ ಇರಲಿ, ಜಾಕ್ ತುದಿಯಾಗ ಬಿಡ್ರಿ. ಎರಡೂ ಕಡೆ ಕಟ್ಟಿದ್ರ ಆಲ್ಟರ್ನೇಟರ್ ಕರೆಂಟಿನ ಒಂದು ಪಾಲು ಮೈಕಿನ ಮೈನಸ್‌ನಾಗೇ ಹರೀತದ. ಕೆಲವು ಮಿಲಿವೋಲ್ಟ್ ಇದ್ರೂ ಸಿಳ್ಳು ಕೇಳಬಹುದು.

ಜುಹು_ಹ್ಯಾಂಗರ್
ಅಳತೆ ಹೀಗಿದೆ. ಲೋಡನ್ನು ಆಂಟೆನಾ ತುದಿಗೆ ಹಾಕಿದಾಗ ಕೀರಲು ಪೂರ್ತಿ ನಿಂತಿತು. ಆಂಟೆನಾ ಬುಡದಿಂದ ವಿಮಾನದ ಲೋಹದ ಹೊದಿಕೆಗೆ 40 ಮಿಲಿಓಮ್, ಅಡಿಯಲ್ಲಿ ಬಿಳಿ ಪುಡಿ. ಬಲಗಡೆ ಮೈಕ್ ಜಾಕಿನಿಂದ ಮೈಯಿಗೆ 0.3 ಓಮ್, ವಾಷರಿನ ಭುಜ ಒಡೆದಿದೆ. ಮೈಕ್ ವಯರಿನಿಂದ ಗ್ರೌಂಡಿಗೆ 1000 ಪಿಕೊಫ್ಯಾರಡ್ ಕೆಪಾಸಿಟರ್ ಒಂದು ಹಾಕಬಹುದೇ?

ತಂತಿ_ಮೀಟರ್
ಲೆಕ್ಕದಲ್ಲಿ ಸರಿ: 125 ಮೆಗಾಹರ್ಟ್ಸ್‌ಗೆ ಅದರ ತಡೆ ಸುಮಾರು 1.3 ಓಮ್, 3 ಕಿಲೋಹರ್ಟ್ಸ್ ಧ್ವನಿಗೆ 50 ಸಾವಿರ ಓಮ್ ಮೀರುತ್ತದೆ. ಅಂದರೆ ಅಲೆಯನ್ನು ಗ್ರೌಂಡಿಗೆ ಇಳಿಸಿ ಮಾತನ್ನು ಹಾಗೇ ಬಿಡುತ್ತದೆ. ಆದರೆ ಸರ್ಟಿಫೈಡ್ ವಿಮಾನದ ಹಾರ್ನೆಸ್‌ಗೆ ಹೊಸ ಭಾಗ ಸೇರಿಸಲು ಅನುಮೋದಿತ ಡೇಟಾ ಬೇಕು. ಅದಿಲ್ಲದೆ ಬೇಡ. ನಿಮ್ಮ ಅಳತೆಗೆ ಅದರ ಅಗತ್ಯವೂ ಇಲ್ಲ. ಬಿಳಿ ಪುಡಿ ಅಲ್ಯೂಮಿನಿಯಂ ಸವೆತ, ಕಡಲಗಾಳಿಯ ಜುಹುವಿನಲ್ಲಿ ಅಚ್ಚರಿ ಏನಿಲ್ಲ. ಪುಡಿ ತೆಗೆದು, ಬುಡದ ಜಾಗದಷ್ಟೇ ಬಣ್ಣ ಕೆರೆದು, ಲೋಹ ಹೊಳೆದ ಮೇಲೆ ವಿದ್ಯುತ್ ಹರಿಯುವ ಕ್ರೋಮೇಟ್ ಲೇಪನ ಕೊಡಿ. ಜೋಡಿಸಿದ ಮೇಲೆ 3 ಮಿಲಿಓಮ್ ಒಳಗೆ ಬರಬೇಕು.

ಹಡಪ್ಸರ್_ಬಿ2
ಸೀಲಂಟ್ ಬುಡದ ಸುತ್ತ ಅಂಚಿಗೆ ಮಾತ್ರ ಹಚ್ರಿ, ಅಡಿಗೆ ಅಲ್ಲ. ವಿನೆಗರ್ ವಾಸನೆ ಬರೋ ಸಿಲಿಕೋನ್ ಮುಟ್ಟಬ್ಯಾಡ್ರಿ, ಅದರ ಆಮ್ಲ ಅಲ್ಯೂಮಿನಿಯಂ ತಿಂತದ. ವಾಷರ್ ಹೊಸದು ಹಾಕಿದ ಮೇಲೆ ಬಲ ಫೋನ್ ಜಾಕ್, ಎಡಗಡೆ ಎರಡೂ ಜಾಕ್ ಬಿಡದೆ ಅಳೀರಿ. ಸಿಳ್ಳು ಎರಡೂ ಕಡೆ ಕೇಳ್ತದ ಅಂದ್ರೀ, ಹಂಗಾಗಿ ಲೂಪ್ ಒಂದೇ ಜಾಕಿನಾಗ ಐತಿ ಅಂತ ಹಿಡೀಬ್ಯಾಡ್ರಿ.