ಸೋಲಾರ್ ವಾಚಿನ ಸೆಲ್ ಮನೆಯಲ್ಲೇ ಬದಲಿಸಬಹುದಾ?

ಪ್ರಶ್ನೆ, ಮಲ್ಪೆಯಿಂದ:
ಅಪ್ಪ ಕೊಟ್ಟ ವಾಚು, 13 ವರ್ಷ ಆಯ್ತು. ಅಂಗಳದಲ್ಲಿ ಇಡೀ ದಿನ ಬಿಸಿಲಿಗಿಟ್ಟರೂ ರಾತ್ರಿಯೊಳಗೆ ನಿಲ್ಲುತ್ತದೆ. ಮುಚ್ಚಳ ತೆಗೆದೆ, ಸೆಲ್ ಮೇಲೆ ‘ಸಿಟಿಎಲ್1616’ ಎಂದಿದೆ. ಅಂಗಡಿಯಲ್ಲಿ ಸಿಆರ್1616 ಮಾತ್ರ ಇದೆ. ಅದೇ ಅಳತೆ, ಹಾಕಬಹುದಾ?

ಉತ್ತರ, ಮಂಗಳೂರಿನಿಂದ:
ಬೇಡ ಮಾರಾಯ್ರೇ! ಅಳತೆ ಒಂದೇ, 16 ಮಿ.ಮೀ. ಅಗಲ, 1.6 ದಪ್ಪ. ಆದರೆ ಸಿಆರ್ 3 ವೋಲ್ಟಿನದ್ದು, ಚಾರ್ಜ್ ಆಗುವಂಥದ್ದಲ್ಲ. ಬಿಸಿಲಿಗೆ ವಾಚು ಅದನ್ನು ಚಾರ್ಜ್ ಮಾಡಲು ಹೋಗಿ ಅದು ಸೋರಿದರೆ ವಾಚೇ ಹಾಳು. ಸಿಟಿಎಲ್ 2.3 ವೋಲ್ಟ್, ಅದನ್ನೇ ತರಿಸಿ. ಹಾಕಿದ ಮೇಲೆ ವಾಚು ರಿಸೆಟ್ ಆಗಲು, ಒಳಗೆ ‘ಎಸಿ’ (ಆಲ್ ಕ್ಲಿಯರ್) ಎಂದು ಬರೆದಲ್ಲಿರುವ ಚುಕ್ಕಿಯನ್ನೂ ಸೆಲ್ಲಿನ ಪ್ಲಸ್ ಬದಿಯನ್ನೂ ಲೋಹದ ಚಿಮಟದಿಂದ 2 ಸೆಕೆಂಡು ಒಟ್ಟಿಗೆ ಮುಟ್ಟಿಸಿ. ಇದು ಗೊತ್ತಿಲ್ಲದೆ ನಾನು ಸುಮ್ನೆ ಒಂದು ವಾರ ಕಂಗಾಲಾಗಿದ್ದೆ.

ಉಡುಪಿಯಿಂದ:
ಮುಚ್ಚಳ ಹಾಕುವ ಮೊದಲು, ನೀರು ತಡೆಯುವ ರಬ್ಬರ್ ರಿಂಗಿಗೆ ಚೂರು ಸಿಲಿಕೋನ್ ಗ್ರೀಸ್ ಸವರಿ. ನಮ್ಮ ಮಳೆಗಾಲದಲ್ಲಿ ಗಾಜಿನೊಳಗೆ ಮಂಜು ಕೂತರೆ ಕಷ್ಟ, ಅಲ್ವಾ?