ಅಪ್‌ಡೇಟ್: ವರಂಗಕ್ಕೆ ಹೋಗಿ ಬಂದೆ

ಉಡುಪಿಯಿಂದ ಬಸ್ಸಿನಲ್ಲೇ ಹೋಗಿ ಬರಬಹುದಾದ, ಗದ್ದಲವಿಲ್ಲದ ಊರೊಂದನ್ನು ಸೂಚಿಸಬೇಕೆಂದು ಕೇಳಿದ್ದೆ; ಹಲವರು ಹೇಳಿದಂತೆ ಕಾರ್ಕಳ–ಹೆಬ್ರಿ ದಾರಿಯಲ್ಲಿರುವ ವರಂಗವನ್ನೇ ಆರಿಸಿಕೊಂಡೆ. ಅಲ್ಲಿನ ಕೆರೆಯ ನಡುವಿರುವ ಚತುರ್ಮುಖ ಬಸದಿಗೆ ದೋಣಿಯಲ್ಲಿ ಹೋಗಬೇಕು. ಮಳೆ ಜೋರಾಗಿದ್ದುದರಿಂದ ದೋಣಿ ಹೊರಡುವುದು ತಡವಾಯಿತು. ಆ ಹೊತ್ತಿನಲ್ಲಿ ಹತ್ತಿರದ ಮನೆಯ ಹಿರಿಯರೊಬ್ಬರು, ಯಾವ ಊರು, ಯಾರ ಪೈಕಿ ಎಂಬ ವಿಚಾರಣೆಗೂ ಮೊದಲೇ (ಅದು ಆಮೇಲೆ ಸಾಕಷ್ಟು ನಡೆಯಿತು) ನನ್ನನ್ನು ಜಗಲಿಯಲ್ಲಿ ಕೂರಿಸಿ ಬೆಲ್ಲ, ನೀರು ತಂದುಕೊಟ್ಟರು. ಕರಾವಳಿಯ ಈ ಹಳೆಯ ಉಪಚಾರವನ್ನು ಕೇಳಿ ಬಲ್ಲವನಾಗಿದ್ದರೂ ಅಪರಿಚಿತನಾಗಿ ಪಡೆದದ್ದು ಇದೇ ಮೊದಲು. ಮಳೆ ಹೊಳವಾದಾಗ ಪಶ್ಚಿಮ ಘಟ್ಟದ ಸಾಲು ಮೋಡದಿಂದ ತುಸುತುಸುವೇ ಹೊರಬಂದು, ದೋಣಿ ಬಸದಿಯನ್ನು ಮುಟ್ಟುವಷ್ಟರಲ್ಲಿ ಕೆರೆಯ ನೀರಿನಲ್ಲೂ ಹಸಿರಾಗಿ ಮೂಡಿತ್ತು. ಅಲ್ಲಿಗೆ ಹೋಗುವವರು ಹಿಂದಿರುಗುವ ಬಸ್ಸಿನ ಸಮಯವನ್ನು ಇಳಿಯುವಾಗಲೇ ಕಂಡಕ್ಟರರಲ್ಲಿ ಕೇಳಿಟ್ಟುಕೊಳ್ಳುವುದು ಒಳ್ಳೆಯದು. ಸಲಹೆಯಿತ್ತ ಎಲ್ಲರಿಗೂ ಕೃತಜ್ಞತೆಗಳು.